ಬೆಟ್ಟದ ದಾರಿ ಸುತ್ತುವುದೇಕೆ?

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ನಂದಿಬೆಟ್ಟವು ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರವಾಗಿದೆ. ರಜೆಯ ದಿನ ನಸುಕಿನಲ್ಲಿ ಅದರ ಬುಡವನ್ನು ಸೇರಿದವರಿಗೆ ಎರಡು ಬಗೆಯ ವಿಹಾರಿಗಳು ಕಾಣಸಿಗುತ್ತಾರೆ. ಕೆಲವರು ಕಲ್ಲಿನ ಮೆಟ್ಟಿಲುಗಳ ಹಾದಿ ಹಿಡಿದು ನಡೆದೇ ಹತ್ತುವರು; ಮತ್ತೆ ಕೆಲವರು ಸುತ್ತುಸುತ್ತಾಗಿ ಏರುವ ರಸ್ತೆಯಲ್ಲಿ ಬೈಸಿಕಲ್ಲು ತುಳಿಯುವರು. ಒಮ್ಮೆ ನಾವು ಮನೆಮಂದಿಯೊಡನೆ ಅಲ್ಲಿಗೆ ಹೋಗಿದ್ದಾಗ, ಸಂಗಡವಿದ್ದ ಹತ್ತು ವರ್ಷದ ಬಾಲಕನು ಮೂರನೆಯ ತಿರುವಿನಲ್ಲಿ ನಿಂತು ಕೇಳಿದನು: “ಶಿಖರ ಅಲ್ಲೇ ಕಾಣುತ್ತಿದೆಯಲ್ಲ! ದಾರಿಯನ್ನು ನೇರವಾಗಿ ಏಕೆ ಮಾಡಲಿಲ್ಲ?” ಪ್ರಶ್ನೆ ಸಣ್ಣದು, ಆದರೆ ಅದರ ಉತ್ತರದಲ್ಲಿ ಭೌತಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆ.

ಲೆಕ್ಕದ ಅನುಕೂಲಕ್ಕಾಗಿ, ರಸ್ತೆಯ ಉದ್ದ ಏಳೂವರೆ ಕಿಲೋಮೀಟರ್ ಎಂದೂ ಅಷ್ಟರಲ್ಲಿ ನಾವು ಏರುವ ಎತ್ತರ 450 ಮೀಟರ್ ಎಂದೂ ಇಟ್ಟುಕೊಳ್ಳೋಣ. ಅಂದರೆ ಪ್ರತಿ 100 ಮೀಟರ್ ಮುಂದೆ ಸಾಗಿದಾಗ 6 ಮೀಟರ್ ಮೇಲೇರಿದಂತಾಯಿತು. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯು 15 ಕಿಲೋಗ್ರಾಂ ತೂಕದ ಬೈಸಿಕಲ್ಲಿನ ಮೇಲೆ ಕುಳಿತಿದ್ದರೆ ಒಟ್ಟು ಭಾರ 65 ಕಿಲೋಗ್ರಾಂ. ಈ ಏರಿನಲ್ಲಿ ಅವನನ್ನು ಹಿಂದಕ್ಕೆ ಜಗ್ಗುವ ಬಲವು ಆ ಭಾರದ ನೂರರಲ್ಲಿ ಆರು ಪಾಲು ಮಾತ್ರ. ಎಂದರೆ ಸುಮಾರು 4 ಕಿಲೋಗ್ರಾಂ ತೂಕಕ್ಕೆ ಸಮ. ರಸ್ತೆಯನ್ನು ಸುತ್ತಿಸದೆ 30 ಡಿಗ್ರಿಯ ಓರೆಯಲ್ಲಿ ನೇರವಾಗಿ ಹತ್ತಿಸಿದ್ದರೆ ಆ ಬಲವು ಭಾರದ ಅರ್ಧದಷ್ಟು, ಅಂದರೆ 32 ಕಿಲೋಗ್ರಾಂಗೂ ಮಿಗಿಲಾಗುತ್ತಿತ್ತು. ಅದನ್ನು ಎದುರಿಸಿ ಬೈಸಿಕಲ್ಲು ತುಳಿಯುವುದು ಸಾಮಾನ್ಯರಿಗೆ ಅಸಾಧ್ಯ.

ಹಾಗಾದರೆ ಸುತ್ತು ದಾರಿಯಲ್ಲಿ ಕೆಲಸ ಕಡಮೆಯಾಯಿತೆ? ಇಲ್ಲ. ಭಾರವನ್ನು ಎತ್ತರಿಸಲು ಬೇಕಾದ ಕೆಲಸವು ಏರಿದ ಎತ್ತರವನ್ನು ಅವಲಂಬಿಸಿದೆಯೇ ಹೊರತು ಹಿಡಿದ ದಾರಿಯನ್ನಲ್ಲ. ಅಲ್ಪ ಬಲವನ್ನು ಬಹುದೂರ ಪ್ರಯೋಗಿಸಬಹುದು, ಇಲ್ಲವೆ ಅಧಿಕ ಬಲವನ್ನು ಅಲ್ಪದೂರ ಪ್ರಯೋಗಿಸಬಹುದು, ಗುಣಲಬ್ಧ ಒಂದೇ. ಲಾರಿಗೆ ಪೀಪಾಯಿ ಏರಿಸುವವರು ಹಲಗೆಯನ್ನು ಓರೆಯಾಗಿಡುವುದೂ ಇದೇ ತತ್ತ್ವದಿಂದ. ಬೆಟ್ಟದ ರಸ್ತೆಯೆಂದರೆ ಮಡಿಸಿಟ್ಟ ಒಂದು ಉದ್ದವಾದ ಹಲಗೆ!

ಬೈಸಿಕಲ್ಲಿನ ಗೇರುಗಳೂ ಇದೇ ವ್ಯಾಪಾರವನ್ನು ನಡೆಸುತ್ತವೆ. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 44 ಹಲ್ಲುಗಳೂ ಹಿಂಬದಿಯದರಲ್ಲಿ 18 ಹಲ್ಲುಗಳೂ ಇದ್ದರೆ, ಪೆಡಲಿನ ಒಂದು ಸುತ್ತಿಗೆ ಬೈಸಿಕಲ್ಲು ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. ಈ ಏರಿನಲ್ಲಿ ಅದು ಸುಮಾರು ಒಂದು ಅಡಿ ಮೇಲೇರಿದಂತೆ. ಎರಡರಲ್ಲಿಯೂ 28 ಹಲ್ಲುಗಳಿರುವ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿನಷ್ಟು ಮಾತ್ರ ಸಾಗಿ, ಒಂದು ಗೇಣಿಗಿಂತಲೂ ಕಡಮೆ ಏರುತ್ತೇವೆ. ಹೆಚ್ಚು ಸಲ ತುಳಿಯಬೇಕು, ನಿಜ. ಆದರೆ ಮೊಣಕಾಲಿಗೆ ಬೀಳುವ ಹೊರೆ ತಗ್ಗುತ್ತದೆ.

ಈ ಏರಿಕೆಗೆ ತಗಲುವ ಶಕ್ತಿಯನ್ನೂ ಎಣಿಸಬಹುದು. 65 ಕಿಲೋಗ್ರಾಂ ಭಾರವನ್ನು 450 ಮೀಟರ್ ಎತ್ತಲು ಸುಮಾರು 2,87,000 ಜೂಲ್, ಅಥವಾ 70 ಕಿಲೋಕ್ಯಾಲೊರಿಗೆ ತುಸು ಕಡಮೆ ಶಕ್ತಿ ಬೇಕು. ನಮ್ಮ ಸ್ನಾಯುಗಳು ತಾವು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆ, ಉಳಿದದ್ದು ಶಾಖವಾಗುತ್ತದೆ. ಬೆವರುವುದಕ್ಕೆ ಇದೇ ಕಾರಣ. ಆದುದರಿಂದ ನಿಜವಾದ ಖರ್ಚು 280 ಕಿಲೋಕ್ಯಾಲೊರಿ. 50 ಗ್ರಾಂ ಕಡಲೆಕಾಯಿ ಬೀಜ ಅದನ್ನು ತುಂಬಿಕೊಡಬಲ್ಲುದು. ಗಾಳಿಯ ತಡೆ ಮತ್ತು ಘರ್ಷಣೆಗಳಿಗಾಗಿ ಇನ್ನೊಂದಿಷ್ಟು ಬೇಕಾಗುತ್ತದೆ. ಬೆವರಾಗಿ ಹೋದ ನೀರನ್ನಂತೂ ಆಗಾಗ್ಗೆ ತುಂಬಿಕೊಳ್ಳಲೇಬೇಕು.

ನಡೆಯುವವರಿಗೆ ಮುಖ್ಯವಾದುದು ಕಾಲದ ಲೆಕ್ಕ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿಯು 1892ರಲ್ಲಿ ಒಂದು ಸುಲಭ ಸೂತ್ರವನ್ನು ಕೊಟ್ಟನು: ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಪ್ರತಿ 2,000 ಅಡಿ ಏರಿಕೆಗೆ ಮತ್ತೊಂದು ಗಂಟೆ. ಸ್ಥೂಲವಾಗಿ, 5 ಕಿಲೋಮೀಟರಿಗೆ ಒಂದು ಗಂಟೆ ಮತ್ತು 100 ಮೀಟರ್ ಏರಿಕೆಗೆ ಹತ್ತು ನಿಮಿಷ. ನಮ್ಮ ರಸ್ತೆಗೆ ಇದನ್ನು ಅನ್ವಯಿಸಿದರೆ ದೂರಕ್ಕೆ 90 ನಿಮಿಷ, ಏರಿಕೆಗೆ 45 ನಿಮಿಷ. ಒಟ್ಟು ಎರಡೂ ಕಾಲು ಗಂಟೆ. ಆದರೆ ಈ ಸೂತ್ರವು ದೃಢಕಾಯರಾದ ವಯಸ್ಕರು ವಿಶ್ರಮಿಸದೆ ನಡೆಯುವುದಕ್ಕೆ ಹೇಳಿದ್ದು. ಮಕ್ಕಳೂ ಅಜ್ಜಿಯೂ ಜೊತೆಯಲ್ಲಿದ್ದರೆ ಅದರ ಅರ್ಧದಷ್ಟನ್ನಾದರೂ ಸೇರಿಸಿಕೊಳ್ಳುವುದು ವಿವೇಕ. ಗುಂಪಿನ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ಹೊರತು ಬೇರೆಯಲ್ಲ.

ಏರಿದ್ದಾಯಿತು, ಇನ್ನು ಇಳಿಯುವುದು ಸುಲಭವೆಂದು ಹಲವರ ಭಾವನೆ. ಅಪಾಯವಿರುವುದು ಇಲ್ಲಿಯೇ. ಏರುವಾಗ ಕೂಡಿಟ್ಟ 2,87,000 ಜೂಲ್ ಶಕ್ತಿಯು ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 90 ಡಿಗ್ರಿಯವರೆಗೆ ಕಾಯಿಸಲು ಅಷ್ಟು ಶಕ್ತಿ ಸಾಕು. ಅದರಲ್ಲಿ ಒಂದು ಪಾಲು ಗಾಳಿಯ ತಡೆಯಲ್ಲಿ ಕಳೆದುಹೋಗುತ್ತದೆ. ಉಳಿದದ್ದನ್ನು ಬ್ರೇಕುಗಳು ಘರ್ಷಣೆಯಿಂದ ಶಾಖವಾಗಿ ಮಾಡಬೇಕು. ನಮ್ಮ ಬಾಲಕನ ಅಣ್ಣನು ಅಂದು ಬೈಸಿಕಲ್ಲಿನಲ್ಲಿ ಇಳಿದುಬಂದು ನಿಂತೊಡನೆ, ತಮ್ಮನು ಕುತೂಹಲದಿಂದ ಚಕ್ರದ ರಿಮ್ಮನ್ನು ಮುಟ್ಟಿ, ಒಲೆಯ ಮೇಲಿನ ಪಾತ್ರೆಯನ್ನು ಮುಟ್ಟಿದವನಂತೆ ಬೆರಳನ್ನು ಹಿಂದಕ್ಕೆಳೆದುಕೊಂಡನು. ಅವನಿಗೆ ಶಕ್ತಿಯ ನಿತ್ಯತೆಯ ನಿಯಮವನ್ನು ಬೇರೆಯಾಗಿ ಬೋಧಿಸುವ ಅಗತ್ಯ ಬೀಳಲಿಲ್ಲ.

ಇನ್ನೊಂದು ನಿಯಮವನ್ನು ವಾಚಕರು ಮರೆಯಬಾರದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾದುದು. ವೇಗ ಎರಡು ಪಟ್ಟಾದರೆ, ಅದೇ ಬ್ರೇಕಿನಿಂದ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ತಿರುವಿನ ಆಚೆ ಕಾಣದಿರುವ ರಸ್ತೆಯಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ತಿರುವಿಗೆ ಮೊದಲೇ ವೇಗವನ್ನು ತಗ್ಗಿಸಬೇಕು, ಎರಡು ಬ್ರೇಕುಗಳನ್ನೂ ಬಳಸಬೇಕು, ನಡುನಡುವೆ ನಿಂತು ರಿಮ್ಮುಗಳು ಆರಲು ಬಿಡಬೇಕು. ಚಿಕ್ಕ ಮಕ್ಕಳು ವಾಹನಗಳು ಓಡಾಡುವ ಇಂಥ ಇಳಿಜಾರಿನಲ್ಲಿ ಬೈಸಿಕಲ್ಲು ನಡೆಸದಿರುವುದೇ ಲೇಸು. ಅವರಿಗೆ ಬುಡದ ಸಮತಟ್ಟಾದ ಹಳ್ಳಿದಾರಿಗಳು ಯೋಗ್ಯ.

ಕೊನೆಯದಾಗಿ, ಅಡ್ಡದಾರಿಯ ಮಾತು. ತಿರುವುಗಳನ್ನು ಉಳಿಸಲೆಂದು ಕೆಲವರು ಹುಲ್ಲಿನ ಮೇಲೆ ನೇರವಾಗಿ ಇಳಿಯುತ್ತಾರೆ. ಒಬ್ಬರ ಹೆಜ್ಜೆಯಿಂದ ಹಾನಿ ಕಾಣದು. ನೂರಾರು ಜನ ತುಳಿದರೆ ಹುಲ್ಲು ಸತ್ತು, ಮಣ್ಣನ್ನು ಹಿಡಿದಿದ್ದ ಬೇರು ಸಡಿಲವಾಗುತ್ತದೆ. ಮನುಷ್ಯನಿಗೆ ಕಡಿದಾದ ದಾರಿ ಮಳೆನೀರಿಗೂ ಕಡಿದಾದದ್ದೇ. ನೀರು ಅಲ್ಲಿ ರಭಸದಿಂದ ಹರಿದು, ಮಣ್ಣನ್ನು ಕೊಚ್ಚಿ, ಕಾಲುದಾರಿಯನ್ನು ಕೊರಕಲಾಗಿ ಮಾಡುತ್ತದೆ. ಅರ್ಕಾವತಿ ನದಿಯು ಹುಟ್ಟುವುದು ಈ ನಂದಿಯ ಬೆಟ್ಟಗಳಲ್ಲಿಯೇ. ಮಳೆಯನ್ನು ಇಂಗಿಸಿಕೊಂಡು ಮೆಲ್ಲನೆ ಬಿಟ್ಟುಕೊಡಬೇಕಾದ ಮಣ್ಣೇ ಜಾರಿಹೋದರೆ ನದಿಗೆ ನೀರನ್ನು ಉಣಿಸುವವರಾರು?

ದಾರಿಯು ಸುತ್ತುವುದು ನಮ್ಮ ಕಾಲುಗಳ ಮೇಲಿನ ಕರುಣೆಯಿಂದ ಮಾತ್ರವಲ್ಲ, ಬೆಟ್ಟದ ಕ್ಷೇಮಕ್ಕಾಗಿಯೂ ಹೌದು. ಮಧ್ಯಾಹ್ನ ಬುಡವನ್ನು ಸೇರಿದಾಗ ನಮ್ಮ ಬಾಲಕನು ಹಿಂತಿರುಗಿ ನೋಡಿ, ತಿರುವುಗಳನ್ನು ಬೆರಳಿನಿಂದ ಎಣಿಸತೊಡಗಿದನು. ನೇರವಾದ ದಾರಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.