ಸೃಜನಶೀಲತೆಯ ನೆಲೆಗಳು: ಚಿಕ್ಕಬಳ್ಳಾಪುರ ಸೀಮೆಯ ಮೂವರು ಬರಹಗಾರರು

ಬರಹಗಾರನಿಗೆ ಪ್ರೇರಣೆ ಎಲ್ಲಿಂದ ಒದಗುತ್ತದೆ ಎಂಬ ಪ್ರಶ್ನೆಗೆ ಪ್ರಾದೇಶಿಕ ಸಾಹಿತ್ಯ ಚರಿತ್ರೆಗಳು ಬಹುಮಟ್ಟಿಗೆ ಒಂದೇ ಉತ್ತರವನ್ನು ನೀಡುತ್ತ ಬಂದಿವೆ: ಅದು ಹುಟ್ಟಿದ ಮಣ್ಣಿನ ಗುಣ. ಕುವೆಂಪು ಅವರ ಬರವಣಿಗೆಗೆ ಮಲೆನಾಡಿನ ಕಾಡು, ಕಾರಂತರಿಗೆ ಕರಾವಳಿ, ಬೇಂದ್ರೆಯವರಿಗೆ ಧಾರವಾಡದ ಸಾಧನಕೇರಿ ಎಂದು ಹೇಳುವುದು ರೂಢಿಯಾಗಿದೆ. ಈ ವಿವರಣೆ ಬಯಲುಸೀಮೆಗೆ ಬಂದೊಡನೆ ತೊಡಕಿಗೆ ಸಿಲುಕುತ್ತದೆ. ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ನಂದಿಬೆಟ್ಟದ ಪರಿಸರದಲ್ಲಿ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಿಗೆ ದಕ್ಕಲಿಲ್ಲ. ಮಳೆಯನ್ನೂ ಕೆರೆಯನ್ನೂ ನಂಬಿದ ಈ ಸೀಮೆಯಲ್ಲಿ ನಿಸರ್ಗವನ್ನು ಮಾತ್ರ ಪ್ರೇರಣೆಯ ಮೂಲವೆಂದು ಭಾವಿಸಿದರೆ ಇಲ್ಲಿನ ಬರಹ ಎಲ್ಲಿಂದ ಬಂತೆಂಬುದು ಅರ್ಥವಾಗದೆ ಉಳಿಯುತ್ತದೆ.

ಭಾರತೀಯ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಇದಕ್ಕಿಂತ ಸೂಕ್ಷ್ಮವಾಗಿ ಎತ್ತಿಕೊಂಡಿದೆ. 11ನೆಯ ಶತಮಾನದ ಮಮ್ಮಟನು ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳುತ್ತಾನೆ. ನಿಪುಣತೆ ಬರುವುದು ಲೋಕ, ಶಾಸ್ತ್ರ, ಕಾವ್ಯಗಳ ಅವಲೋಕನದಿಂದ. ಇವುಗಳಲ್ಲಿ ಲೋಕವೇ ಮೊದಲು ಬರುತ್ತದೆ. ಈ ಮೂರನ್ನೂ ಒಟ್ಟಾಗಿ ಆತ ಏಕವಚನದಲ್ಲಿ ‘ಹೇತು’ ಎಂದು ಕರೆಯುತ್ತಾನೆ. ಮೂರು ಬೇರೆ ಬೇರೆ ಕಾರಣಗಳಲ್ಲ, ಕೂಡಿದ ಮೂರೂ ಸೇರಿ ಒಂದೇ ಕಾರಣ ಎಂಬುದು ಅವನ ನಿಲುವು. ಹಾಗಿದ್ದರೆ ಹುಟ್ಟು ಪ್ರತಿಭೆಗೆ ಲೋಕವನ್ನು ಕಾಣಿಸಿದ ದಾರಿ ಯಾವುದು ಎಂದು ಪ್ರತಿಯೊಬ್ಬ ಬರಹಗಾರನ ವಿಷಯದಲ್ಲೂ ಕೇಳಬೇಕಾಗುತ್ತದೆ. ಈ ಸೀಮೆಯಲ್ಲಿ ಆ ದಾರಿ ಹೆಚ್ಚಾಗಿ ತೆರೆದದ್ದು ಬದುಕು ಹುಡುಕಿಕೊಂಡ ನಡಿಗೆಯಲ್ಲಿ ಮತ್ತು ಎರಡು ಲೋಕಗಳು ಸಂಧಿಸುವ ತಾಣಗಳಲ್ಲಿ.

ಇದಕ್ಕೆ ಮೊದಲ ನಿದರ್ಶನ ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರಾಯಣಪ್ಪನವರು. ಜನರ ಬಾಯಲ್ಲಿ ಕೈವಾರ ತಾತಯ್ಯ ಎಂದೇ ಹೆಸರಾದ ಇವರ ಕಾಲವನ್ನು ಸಂಪ್ರದಾಯವು 1726ರಿಂದ 1836 ಎಂದು ಗುರುತಿಸುತ್ತದೆ. ಕುಲವೃತ್ತಿ ಬಳೆ ವ್ಯಾಪಾರ. ಬಳೆಯ ಮಲಾರ ಹೊತ್ತು ಊರೂರು ಸುತ್ತಿದರೂ ವ್ಯಾಪಾರ ಕೈಹತ್ತಲಿಲ್ಲ, ಆಮೇಲೆ ಅವರು ಗುರುವನ್ನು ಆಶ್ರಯಿಸಿ ತಪಸ್ಸಿಗೆ ತೊಡಗಿದರು ಎಂದು ಅವರ ಚರಿತ್ರೆ ಹೇಳುತ್ತದೆ. ಈ ಕಥನದಲ್ಲಿ ವೃತ್ತಿಯನ್ನು ವೈರಾಗ್ಯಕ್ಕೆ ಮುನ್ನ ಕಳಚಿಟ್ಟ ಹೊರೆಯಂತೆ ಓದುವುದು ವಾಡಿಕೆ. ಆದರೆ ಬಳೆಗಾರ ಸಾಮಾನ್ಯ ವ್ಯಾಪಾರಿಯಲ್ಲ. ಅವನು ಅಂಗಡಿಯಲ್ಲಿ ಕೂರದೆ ಹಟ್ಟಿಯಿಂದ ಹಟ್ಟಿಗೆ ನಡೆಯುವವನು. ಬೇರೆ ಗಂಡಸರಿಗೆ ಪ್ರವೇಶವಿಲ್ಲದ ಮನೆಯ ಒಳಾಂಗಣದಲ್ಲಿ ಕುಳಿತು ಹೆಣ್ಣುಮಕ್ಕಳ ಸುಖದುಃಖ ಕೇಳಬಲ್ಲವನು. ಅವರವರ ಮನೆಮಾತಿನಲ್ಲಿಯೇ ಮಾತಾಡಬೇಕಾದವನು. ‘ಮೈಸೂರು ಮಲ್ಲಿಗೆ’ಯಲ್ಲಿ (1942) ಕೆ.ಎಸ್. ನರಸಿಂಹಸ್ವಾಮಿಯವರು ಬಳೆಗಾರ ಚೆನ್ನಯ್ಯನನ್ನು ಪಾತ್ರವಾಗಿಸಿದ್ದು ಈ ಸಲುಗೆಯನ್ನು ಬಲ್ಲವರಾದ್ದರಿಂದಲೇ. ಕೈವಾರದಲ್ಲಿ ಬಳೆಗಾರನು ಪಾತ್ರವಾಗಿ ಉಳಿಯದೆ ತಾನೇ ಕವಿಯಾದನು.

ತಾತಯ್ಯನವರು ತೆಲುಗು ಮತ್ತು ಕನ್ನಡ ಎರಡರಲ್ಲೂ ಕೀರ್ತನೆಗಳನ್ನು ರಚಿಸಿದರು. ಅವರ ಕಾಲಜ್ಞಾನ ಹಾಗೂ ಅಮರನಾರೇಯಣ ಶತಕ ತೆಲುಗಿನವು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ತೆಲುಗು–ಕನ್ನಡ ಎರಡನ್ನೂ ಆಡುವ ಕುಟುಂಬಗಳು ಈ ಸೀಮೆಯಲ್ಲಿ ಇಂದಿಗೂ ಹೇರಳ. ಅಂಥ ಕೇಳುಗರನ್ನು ಮುಂದಿಟ್ಟುಕೊಂಡ ಕವಿಗೆ ದ್ವಿಭಾಷಿಕತೆಯು ಪಾಂಡಿತ್ಯದ ಪ್ರದರ್ಶನವಲ್ಲ, ದಿನನಿತ್ಯದ ವ್ಯವಹಾರ. ಆದ್ದರಿಂದ ಅವರ ತತ್ತ್ವಪದಗಳ ಪ್ರೇರಣೆಯನ್ನು ಗುರುಪರಂಪರೆಯಲ್ಲಿ ಎಷ್ಟು ಹುಡುಕಬೇಕೋ ಬಳೆಗಾರನು ನಡೆದ ದಾರಿಯಲ್ಲಿಯೂ ಅಷ್ಟೇ ಹುಡುಕಬೇಕು.

ಎರಡನೆಯ ನಿದರ್ಶನ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬದಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರದು. 1935ರಲ್ಲಿ ಅವರು ಓದು ಮುಂದುವರಿಸಲು ಊರಿನಿಂದ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. ಮರುವರ್ಷ ಅಲ್ಲಿಗೆ ಬಂದ ಗಾಂಧೀಜಿಯವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಭೌತವಿಜ್ಞಾನದ ಅಧ್ಯಾಪಕರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ದುಡಿದರು. ಕುಲಪತಿಗಳಾಗಿದ್ದಾಗಲೇ ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. 2005ರಲ್ಲಿ ನಿಧನರಾದರು. ಅವರ ಆತ್ಮಕಥನದ ಹೆಸರು ‘ಹೋರಾಟದ ಹಾದಿ’. ‘ಹಾದಿ’ ಎಂಬ ಮಾತು ಇಲ್ಲಿ ರೂಪಕವಾಗುವ ಮೊದಲು ಕಾಲಿನಡಿಯ ವಾಸ್ತವವಾಗಿತ್ತು. ಅಲಂಕಾರವನ್ನು ದೂರವಿಟ್ಟು, ಪ್ರಶ್ನಿಸುವುದನ್ನೇ ಶೈಲಿಯಾಗಿಸಿಕೊಂಡ ಅವರ ಗದ್ಯಕ್ಕೆ ತರಗತಿಯ ಅಧ್ಯಾಪನ ಮತ್ತು ಬಡತನದ ನೇರ ಅನುಭವ ಎರಡೂ ಬುನಾದಿ. ಇಲ್ಲಿ ಮಮ್ಮಟ ಹೇಳುವ ‘ಲೋಕ’ವೂ ‘ಶಾಸ್ತ್ರ’ವೂ ಬೇರ್ಪಡಿಸಲಾಗದಂತೆ ಕೂಡಿಕೊಂಡಿವೆ.

ಮೂರನೆಯ ನಿದರ್ಶನ 1946ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಚೀಮಂಗಲದಲ್ಲಿ ಜನಿಸಿ, ಚಿಂತಾಮಣಿಯಲ್ಲಿ ದೀರ್ಘಕಾಲ ನೆಲೆಸಿದ ಬಿ.ಆರ್. ಲಕ್ಷ್ಮಣರಾವ್. 1971ರ ‘ಗೋಪಿ ಮತ್ತು ಗಾಂಡಲೀನಾ’ ಸಂಕಲನದ ಹೆಸರೇ ಒಂದು ಸೂಚನೆ. ನಮ್ಮ ಯಾವುದೇ ಊರಿನಲ್ಲಿ ಕೇಳಿಬರುವ ಹೆಸರೊಂದು, ಕಿವಿಗೆ ಅಪರಿಚಿತವಾದ ಹೆಸರೊಂದು, ನಡುವೆ ‘ಮತ್ತು’. ನವ್ಯದ ಗಾಂಭೀರ್ಯ ಪ್ರಬಲವಾಗಿದ್ದ ಕಾಲದಲ್ಲಿ ಲಕ್ಷ್ಮಣರಾವ್ ತುಂಟತನವನ್ನೂ ಆಡುಮಾತಿನ ಲಯವನ್ನೂ ಕಾವ್ಯಕ್ಕೆ ತಂದರು. ಮುಂದೆ ಅವರ ಭಾವಗೀತೆಗಳು ಗಾಯಕರ ಮೂಲಕ ಮನೆಮನೆಗೆ ತಲುಪಿದವು. ರೇಷ್ಮೆಗೂಡಿನ ವಹಿವಾಟಿಗೆ ಹೆಸರಾದ ಶಿಡ್ಲಘಟ್ಟ, ವ್ಯಾಪಾರದ ಪೇಟೆಯಾದ ಚಿಂತಾಮಣಿ ಇವೆರಡೂ ಹಳ್ಳಿಯೂ ಅಲ್ಲದ, ನಗರವೂ ಅಲ್ಲದ ಊರುಗಳು. ಇಲ್ಲಿಂದ ಬೆಂಗಳೂರು ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ, ಬೆರಗಿನಿಂದ ನೋಡುವಷ್ಟು ದೂರ. ನಗರವನ್ನು ಅದರ ಹೊಸ್ತಿಲಲ್ಲಿ ನಿಂತು ನೋಡುವವನಿಗೆ ಮಾತ್ರ ಸಿಗುವ ವಿನೋದ ಆ ಕಾವ್ಯದಲ್ಲಿದೆ.

ಬಳೆಗಾರ, ಅಧ್ಯಾಪಕ, ಸಣ್ಣ ಪಟ್ಟಣದ ಕವಿ ಈ ಮೂವರಲ್ಲಿ ಕಾಲ, ಪ್ರಕಾರ, ದರ್ಶನ ಯಾವುದೂ ಸಮಾನವಲ್ಲ. ಸಮಾನವಾದುದು ಎರಡು ಲೋಕಗಳ ನಡುವೆ ಓಡಾಡಿದ ಅನುಭವ: ತೆಲುಗು ಮತ್ತು ಕನ್ನಡ, ಹಳ್ಳಿ ಮತ್ತು ಪ್ರಯೋಗಶಾಲೆ, ಪೇಟೆ ಮತ್ತು ಮಹಾನಗರ. ಓಡಾಡಿದವರೆಲ್ಲರೂ ಕವಿಗಳಾಗುವುದಿಲ್ಲ ಎಂಬ ಆಕ್ಷೇಪ ಸಹಜವೇ. ಶಕ್ತಿಯಿಲ್ಲದೆ ನಿಪುಣತೆ ಮಾತ್ರ ಕಾವ್ಯವಾಗದು ಎಂಬುದೇ ಅದಕ್ಕೆ ಮಮ್ಮಟನ ಉತ್ತರ. ಆದರೆ ಶಕ್ತಿಯ ಮೂಲ ಸಂಶೋಧನೆಗೆ ನಿಲುಕುವುದಿಲ್ಲ. ಲೋಕದ ದಾರಿ ನಿಲುಕುತ್ತದೆ.

ಹೀಗಿರುವಾಗ ಸಂಶೋಧನೆಯ ಕ್ರಮವೂ ಬದಲಾಗಬೇಕಾಗುತ್ತದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಹೊಸ ಜಿಲ್ಲೆಯ ಸಾಹಿತ್ಯ ಚರಿತ್ರೆಯು ಹುಟ್ಟೂರು, ಕೃತಿ, ಪ್ರಶಸ್ತಿಗಳ ಪಟ್ಟಿಯಾಗಿ ಮುಗಿಯುವ ಅಪಾಯವಿದೆ. ಅದಕ್ಕಿಂತ ದೊಡ್ಡ ಅಪಾಯ ಭಾಷೆಯ ಹೆಸರಿನಲ್ಲಿ ಬರಹಗಾರನನ್ನು ಇಬ್ಭಾಗ ಮಾಡುವುದು. ಕನ್ನಡ ವಿಭಾಗಗಳು ತಾತಯ್ಯನವರ ಕನ್ನಡ ಕೀರ್ತನೆಗಳನ್ನಷ್ಟೇ ಪಠ್ಯವೆಂದು ಎತ್ತಿಕೊಂಡರೆ ಆ ಕೀರ್ತನೆಗಳ ಲಯಕ್ಕೂ ಪರಿಭಾಷೆಗೂ ಮೂಲವಾದ ತೆಲುಗು ರಚನೆಗಳು ಅಧ್ಯಯನದ ಹೊರಗೆ ಉಳಿಯುತ್ತವೆ. ಹೊಳೆಯ ಒಂದು ದಡವನ್ನಷ್ಟೇ ಅಳೆದು ಅಗಲ ಹೇಳಿದಂತಾಗುತ್ತದೆ. ಈ ಸೀಮೆಯ ತತ್ತ್ವಪದಗಳ ಅಧ್ಯಯನಕ್ಕೆ ಇಳಿಯುವ ಕನ್ನಡ ಸಂಶೋಧಕನಿಗೆ ತೆಲುಗಿನ ಓದು ಪೂರ್ವಸಿದ್ಧತೆಯ ಭಾಗವೇ ಆಗಬೇಕು. ಎರಡೂ ಭಾಷೆಗಳನ್ನು ಬಲ್ಲ ಭಜನಾ ತಂಡಗಳ ಹಿರಿಯರು ಇರುವಾಗಲೇ ಆ ಕೆಲಸ ನಡೆಯುವುದು ಅಗತ್ಯ.