ಬೆಳ್ಳಿ ಡಬ್ಬಿ ಮತ್ತು ಕೈಚೀಲ

ನ್ಯಾಯ ಕೆಡಬೇಕಾದರೆ ನ್ಯಾಯಾಧೀಶರು ಲಂಚ ತಿನ್ನಲೇಬೇಕೆಂದು ನೀವು ತಿಳಿದಿದ್ದರೆ, ಇಂಗ್ಲೆಂಡಿನ ಜಾನ್ ಗಾಲ್ಸ್‌ವರ್ದಿಯವರ ‘ದಿ ಸಿಲ್ವರ್ ಬಾಕ್ಸ್’ ನಾಟಕವನ್ನು ನೋಡಬೇಕು. ಲಂಡನ್ನಿನಲ್ಲಿ ಇದು ಮೊದಲು ರಂಗಕ್ಕೆ ಬಂದದ್ದು 1906ರಲ್ಲಿ. ಕಾನೂನು ಓದಿದ್ದ ಗಾಲ್ಸ್‌ವರ್ದಿಯವರಿಗೆ 1932ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಪಾರ್ಲಿಮೆಂಟ್ ಸದಸ್ಯ ಬಾರ್ತ್‌ವಿಕ್‌ನ ಮಗ ಜ್ಯಾಕ್ ಕುಡಿದ ಮತ್ತಿನಲ್ಲಿ ಒಬ್ಬ ಹೆಂಗಸಿನ ಕೈಚೀಲವನ್ನು ಎತ್ತಿಕೊಂಡು ಬರುತ್ತಾನೆ. ಅವನನ್ನು ಮನೆ ಸೇರಿಸಿದ ನಿರುದ್ಯೋಗಿ ಜೋನ್ಸ್ ಕೂಡ ಕುಡಿದವನೇ. ಆತ ಆ ಚೀಲದಲ್ಲಿದ್ದ ಹಣದ ಪರ್ಸನ್ನೂ ಮನೆಯ ಬೆಳ್ಳಿ ಸಿಗರೇಟು ಡಬ್ಬಿಯನ್ನೂ ಒಯ್ಯುತ್ತಾನೆ. ಜೋನ್ಸನ ಹೆಂಡತಿ ಅದೇ ಮನೆಯ ಕೆಲಸದಾಕೆ. ಅನುಮಾನ ಬೀಳುವುದು ಅವಳ ಮೇಲೆ.

ಇಬ್ಬರೂ ಕುಡಿದಿದ್ದರು, ಇಬ್ಬರೂ ಪರರ ವಸ್ತು ಎತ್ತಿದ್ದರು. ಆದರೆ ಚೀಲದ ಒಡತಿಗೆ ಬಾರ್ತ್‌ವಿಕ್ ಹಣ ಕೊಟ್ಟು ಕಳುಹಿಸುತ್ತಾನೆ. ಕೋರ್ಟಿನಲ್ಲಿ ಚೀಲದ ಮಾತು ಏಳದಂತೆ ಅವನ ವಕೀಲ ನೋಡಿಕೊಳ್ಳುತ್ತಾನೆ. ಜೋನ್ಸ್ ಕೂಗಾಡಿದರೂ ಯಾರೂ ಕಿವಿಗೊಡುವುದಿಲ್ಲ. ಕಳವಿಗೂ, ಪೊಲೀಸರ ಮೇಲೆ ಕೈಮಾಡಿದ್ದಕ್ಕೂ ಅವನಿಗೆ ಒಂದು ತಿಂಗಳ ಕಠಿಣ ಸಜೆ. ಹೆಂಡತಿ ಬಿಡುಗಡೆಯಾಗುತ್ತಾಳೆ. ಆಕೆ ದೈನ್ಯದಿಂದ ತನ್ನತ್ತ ತಿರುಗಿದಾಗ ಬಾರ್ತ್‌ವಿಕ್ ನಾಚಿಕೆಯಿಂದಲೇ ಕೈಯಾಡಿಸಿ ಹೊರಟುಹೋಗುತ್ತಾನೆ.

ಗಮನಿಸಿ: ಮ್ಯಾಜಿಸ್ಟ್ರೇಟ್ ಬಿಡಿಗಾಸನ್ನೂ ಮುಟ್ಟಿಲ್ಲ. ತನ್ನ ಮುಂದೆ ಬಂದ ಸಾಕ್ಷ್ಯದ ಮೇಲೆ ತೀರ್ಪು ಕೊಟ್ಟಿದ್ದಾನೆ. ಹಣ ಕೆಲಸ ಮಾಡಿದ್ದು ಅದಕ್ಕೂ ಮೊದಲು, ಯಾವ ಸಂಗತಿ ಕೋರ್ಟಿನ ಮೆಟ್ಟಿಲು ಹತ್ತಬೇಕು, ಯಾವುದು ಹತ್ತಬಾರದು ಎಂದು ತೀರ್ಮಾನವಾದಾಗ. ಆದುದರಿಂದ ದೊಡ್ಡವರ ಮೊಕದ್ದಮೆಯ ತೀರ್ಪು ಕಿವಿಗೆ ಬಿದ್ದಾಗ, ಅಲ್ಲಿ ಯಾವ ಮಾತು ಬರಲೇ ಇಲ್ಲ ಎಂಬುದನ್ನೂ ವಿಚಾರಿಸಿ.