ಒಂದು ವ್ಯವಹಾರ, ಎರಡು ದಾಖಲೆ: ಗಣಕಗಳ ನಡುವೆ ಕಳೆದುಹೋಗುವ ಉತ್ತರ ಮತ್ತು ಅದಕ್ಕೆ ಬೇಕಾದ ವಹಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರಿನ ಅಂಗಡಿಗಳಲ್ಲಿ ಕಿರ್ದಿ, ಖತಾವಣಿಗಳ ಸ್ಥಾನಕ್ಕೆ ಗಣಕಯಂತ್ರ ಬಂದು ಬಹಳ ವರ್ಷಗಳಾದವು. ಈಚಿನ ಬದಲಾವಣೆ ಬೇರೆ ಬಗೆಯದು. ಅಂಗಡಿಯ ಗಣಕ ಈಗ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಬಿಲ್ಲು ಬರೆಯುವ ತಂತ್ರಾಂಶವು ಜಿಎಸ್‌ಟಿ ವ್ಯವಸ್ಥೆಯೊಡನೆ, ಹಣ ಪಾವತಿಸುವ ತಂತ್ರಾಂಶವು ಬ್ಯಾಂಕಿನೊಡನೆ, ಇವೆರಡೂ ಟ್ಯಾಲಿಯೊಡನೆ ಸಂದೇಶಗಳ ಮೂಲಕ ಮಾತನಾಡುತ್ತವೆ. ಮಾತು ಸರಾಗವಾಗಿ ನಡೆದಾಗ ಯಾರ ಗಮನಕ್ಕೂ ಬಾರದು. ನಡುವೆ ಕಡಿದುಹೋದಾಗ ಮಾತ್ರ ಒಂದೇ ಮಾರಾಟಕ್ಕೆ ಎರಡು ಬಿಲ್ಲು, ಒಂದೇ ಪಟ್ಟಿಗೆ ಎರಡು ಪಾವತಿ ಹುಟ್ಟಿಕೊಳ್ಳುತ್ತವೆ. ಇಂತಹ ತಪ್ಪು ವರ್ಷಾಂತ್ಯದ ಲೆಕ್ಕಪರಿಶೋಧನೆಯಲ್ಲಿ ಬೆಳಕಿಗೆ ಬರುವ ವೇಳೆಗೆ ಅದನ್ನು ತಿದ್ದುವ ಸುಲಭದ ಹಾದಿಗಳು ಮುಚ್ಚಿರುತ್ತವೆ.

ಉತ್ತರ ಬಾರದ ಸಂದೇಶ

ಶಿಗ್ಗಾಂವಿಯ ವರ್ತಕರೊಬ್ಬರು 4,20,000 ರೂಪಾಯಿ ಬೆಲೆಯ ಒಣಮೆಣಸಿನಕಾಯಿಯನ್ನು ಹೊರ ಜಿಲ್ಲೆಯ ಖರೀದಿದಾರರಿಗೆ ಕಳುಹಿಸುತ್ತಿದ್ದಾರೆ ಎಂದಿಟ್ಟುಕೊಳ್ಳಬಹುದು. ಲಾರಿ ತುಂಬಿ ನಿಂತಿದೆ. ಶೇ. 5ರಂತೆ ತೆರಿಗೆ 21,000 ರೂಪಾಯಿ. ಗುಮಾಸ್ತರು ಇ-ಇನ್‌ವಾಯ್ಸ್ ಕಳುಹಿಸುವ ಗುಂಡಿ ಒತ್ತುತ್ತಾರೆ. ಅದೇ ಕ್ಷಣಕ್ಕೆ ವಿದ್ಯುತ್ ಹೋಗುತ್ತದೆ ಅಥವಾ ಅಂತರಜಾಲ ಕಡಿಯುತ್ತದೆ. ತೆರೆಯ ಮೇಲೆ ಉಳಿಯುವುದು ‘ಸಂಪರ್ಕ ವಿಫಲ’ ಎಂಬ ಒಂದು ಸಾಲು.

ಆ ಒಂದು ಸಾಲಿನ ಹಿಂದೆ ಮೂರು ಸಾಧ್ಯತೆಗಳಿವೆ. ಸಂದೇಶ ಆ ಕಡೆ ತಲುಪಿಯೇ ಇಲ್ಲದಿರಬಹುದು. ತಲುಪಿದರೂ ಕೆಲಸ ಆಗಿಲ್ಲದಿರಬಹುದು. ಅಥವಾ ಕೆಲಸ ಪೂರ್ತಿಯಾಗಿದ್ದು, ಆಯಿತೆಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಅಂಗಡಿಯಲ್ಲಿ ಕುಳಿತವರಿಗೆ ಈ ಮೂರೂ ಒಂದೇ ರೀತಿ ಕಾಣುತ್ತವೆ. ಮತ್ತೆ ಕಳುಹಿಸದಿದ್ದರೆ ಮೊದಲಿನ ಎರಡು ಸಂದರ್ಭಗಳಲ್ಲಿ ಲಾರಿ ಹೊರಡುವಂತಿಲ್ಲ. ಮತ್ತೆ ಕಳುಹಿಸಿದರೆ ಮೂರನೆಯ ಸಂದರ್ಭದಲ್ಲಿ ದಾಖಲೆ ಇಮ್ಮಡಿಯಾಗುವ ಭಯ. ಸಂಪರ್ಕವನ್ನು ಎಷ್ಟೇ ಸುಧಾರಿಸಿದರೂ ಈ ಸಂದಿಗ್ಧ ಪೂರ್ತಿಯಾಗಿ ಅಳಿಯುವುದಿಲ್ಲ. ಆದುದರಿಂದ ತಂತ್ರಾಂಶ ರಚಿಸುವವರು ಬೇರೊಂದು ದಾರಿ ಹಿಡಿಯುತ್ತಾರೆ: ಮತ್ತೆ ಮತ್ತೆ ಕಳುಹಿಸಲು ಅವಕಾಶವಿರಲಿ, ಆದರೆ ಎಷ್ಟು ಬಾರಿ ಬಂದರೂ ಕೆಲಸ ಒಮ್ಮೆ ಮಾತ್ರ ನಡೆಯಲಿ. ಅದಕ್ಕೆ ಬೇಕಾದದ್ದು ಎರಡೇ. ಪ್ರತಿ ವ್ಯವಹಾರಕ್ಕೂ ಬದಲಾಗದ ಒಂದು ಗುರುತು, ಮತ್ತು ಯಾವ ಗುರುತಿನ ಕೆಲಸ ಯಾವ ಹಂತದಲ್ಲಿದೆ ಎಂಬುದನ್ನು ಬರೆದಿಡುವ ವಹಿ.

ಹುಂಡಿಯ ಕಾಲದ ಜಾಣ್ಮೆ

ಇದು ಗಣಕದ ಯುಗದ ಶೋಧವೆಂದು ತಿಳಿಯಬೇಕಾಗಿಲ್ಲ. ಹುಂಡಿಯ ವ್ಯವಹಾರದಲ್ಲಿ ಮೂಲ ಹುಂಡಿ ದಾರಿಯಲ್ಲಿ ಕಳೆದುಹೋದರೆ ‘ಪೇಠ’ ಎಂಬ ಎರಡನೆಯ ಪ್ರತಿಯನ್ನೂ, ಅದೂ ಕಳೆದರೆ ‘ಪರಪೇಠ’ ಎಂಬ ಮೂರನೆಯ ಪ್ರತಿಯನ್ನೂ ಬರೆದುಕೊಡುವ ರೂಢಿಯಿತ್ತು. ಪ್ರತಿಗಳು ಮೂರಾದರೂ ಹಣ ಸಲ್ಲುತ್ತಿದ್ದುದು ಒಮ್ಮೆ ಮಾತ್ರ. ಹಣ ಸಂದಾಯವಾಗಿ ರದ್ದಾದ ಹುಂಡಿಗೆ ‘ಖೋಖಾ’ ಎಂದು ಹೆಸರು.

1881ರ ವರ್ಗಾವಣೀಯ ಸಂಲೇಖಗಳ ಅಧಿನಿಯಮದ 132ನೆಯ ಕಲಂ ಇದೇ ತತ್ತ್ವವನ್ನು ಕಾಯಿದೆಯ ಭಾಷೆಯಲ್ಲಿ ಹೇಳುತ್ತದೆ. ವಿನಿಮಯ ಬಿಲ್ಲನ್ನು ಹಲವು ಭಾಗಗಳಲ್ಲಿ ಬರೆಯಬಹುದು. ಪ್ರತಿ ಭಾಗಕ್ಕೂ ಸಂಖ್ಯೆಯಿರಬೇಕು. ಉಳಿದ ಭಾಗಗಳು ಸಂದಾಯವಾಗದೆ ಇರುವವರೆಗೆ ಮಾತ್ರ ಇದು ಸಲ್ಲತಕ್ಕದ್ದೆಂಬ ಷರತ್ತು ಪ್ರತಿಯೊಂದರಲ್ಲೂ ಇರಬೇಕು. ಎಲ್ಲ ಭಾಗಗಳೂ ಸೇರಿ ಒಂದೇ ಬಿಲ್ಲು. ಹಡಗಿನ ಅಂಚೆಯನ್ನು ನಂಬಲಾಗದ ಕಾಲದಲ್ಲಿ ಒಂದೇ ಆದೇಶವನ್ನು ಎರಡು ಮೂರು ಹಡಗುಗಳಲ್ಲಿ ಕಳುಹಿಸಿಯೂ ಒಮ್ಮೆ ಮಾತ್ರ ಹಣ ಪಡೆಯುವ ಉಪಾಯವಿದು. ಇಂದಿನ ತಂತ್ರಾಂಶ ತಜ್ಞರು ಹೊಸ ಹೆಸರಿಟ್ಟು ವಿವರಿಸುವುದರಲ್ಲಿ ಇದಕ್ಕಿಂತ ಬಹಳ ಹೆಚ್ಚಿನದೇನೂ ಇಲ್ಲ. ಪಾವತಿಯಾದ ವೋಚರಿನ ಮೇಲೆ ‘ಪಾವತಿಯಾಗಿದೆ’ ಎಂಬ ಮೊಹರು ಒತ್ತುತ್ತಿದ್ದ ಹಳೆಯ ರೋಕಡದವರೂ ಮಾಡುತ್ತಿದ್ದುದು ಅದನ್ನೇ.

ಐಆರ್‌ಎನ್ ಎಂಬ ಗುರುತು

ಈ ತತ್ತ್ವ ದೇಶವ್ಯಾಪಿಯಾಗಿ ಕೆಲಸ ಮಾಡುತ್ತಿರುವ ಉದಾಹರಣೆ ಇ-ಇನ್‌ವಾಯ್ಸ್. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಆರಂಭವಾದ ಈ ಕ್ರಮ ಹಂತಹಂತವಾಗಿ ಕೆಳಗಿಳಿದು, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೆ ಅನ್ವಯಿಸಿತು. ತಾಲ್ಲೂಕು ಮಟ್ಟದ ವರ್ತಕರು ಇದರ ವ್ಯಾಪ್ತಿಗೆ ಬಂದದ್ದು ಹೀಗೆ.

ಸಂದೇಶ ತಲುಪಿದಾಗ ಪೋರ್ಟಲು ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಹಣಕಾಸು ವರ್ಷ, ದಾಖಲೆಯ ಬಗೆ ಹಾಗೂ ದಾಖಲೆಯ ಸಂಖ್ಯೆ ಈ ನಾಲ್ಕನ್ನು ಸೇರಿಸಿ, ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಿಂದ 64 ಅಕ್ಷರಗಳ ಐಆರ್‌ಎನ್ ರಚಿಸುತ್ತದೆ. ನಾಲ್ಕೂ ಅವೇ ಆಗಿದ್ದರೆ ಎಷ್ಟು ಬಾರಿ ಲೆಕ್ಕ ಹಾಕಿದರೂ ಐಆರ್‌ಎನ್ ಅದೇ ಬರುತ್ತದೆ. ನೋಂದಣಿ ಪೋರ್ಟಲುಗಳು ಒಂದಕ್ಕಿಂತ ಹೆಚ್ಚಾದ ಬಳಿಕ ಯಾವ ಪೋರ್ಟಲಿಗೆ ಕಳುಹಿಸಿದರೂ ಅದು ಕೇಂದ್ರ ವಹಿಯಲ್ಲಿ ನೋಡಿ, ಆ ಐಆರ್‌ಎನ್ ಮೊದಲೇ ಇದ್ದರೆ ನಿರಾಕರಿಸುತ್ತದೆ. 2025ರ ಜೂನ್ 1ರಿಂದ ದಾಖಲೆ ಸಂಖ್ಯೆಯಲ್ಲಿನ ಇಂಗ್ಲಿಷ್ ಅಕ್ಷರಗಳ ಸಣ್ಣದು, ದೊಡ್ಡದು ಎಂಬ ಭೇದವನ್ನೂ ಕೈಬಿಡಲಾಯಿತು. ಒಂದೇ ಬಿಲ್ಲು ಅಕ್ಷರದ ವ್ಯತ್ಯಾಸದಿಂದ ಎರಡಾಗಿ ನುಸುಳುವ ಸಂದಿ ಹೀಗೆ ಮುಚ್ಚಿತು.

ಇಷ್ಟೆಲ್ಲ ಇದ್ದೂ ಇಮ್ಮಡಿ ಬಿಲ್ಲುಗಳು ಹುಟ್ಟುವುದು ಹೇಗೆ? ಶಿಗ್ಗಾಂವಿಯ ಗುಮಾಸ್ತರು ಅದೇ ಬಿಲ್ಲನ್ನು ಎರಡನೆಯ ಬಾರಿ ಕಳುಹಿಸಿದಾಗ ಬರುವ ಉತ್ತರ 2150 ಎಂಬ ದೋಷಸಂಖ್ಯೆ, ಅಂದರೆ ಐಆರ್‌ಎನ್ ಈಗಾಗಲೇ ಇದೆ. ಹೆಸರಿಗೆ ದೋಷವಾದರೂ ಇದು ಶುಭವಾರ್ತೆ. ಮೊದಲಿನ ಸಂದೇಶ ಸಫಲವಾಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಹಿಂದೆ ಕೊಟ್ಟ ಐಆರ್‌ಎನ್, ಸ್ವೀಕೃತಿ ಸಂಖ್ಯೆ ಹಾಗೂ ದಿನಾಂಕಗಳೂ ಆ ಉತ್ತರದೊಡನೆಯೇ ಬರುತ್ತವೆ. ತಂತ್ರಾಂಶ ಅವನ್ನು ಓದಿ ಬಿಲ್ಲಿಗೆ ಜೋಡಿಸಿಕೊಂಡರೆ ಕೆಲಸ ಮುಗಿಯಿತು. ಆದರೆ ಅನೇಕ ತಂತ್ರಾಂಶಗಳು ಕೆಂಪಕ್ಷರದಲ್ಲಿ ‘ದೋಷ’ ಎಂದಷ್ಟೇ ತೋರಿಸುತ್ತವೆ. ಹೊರಗೆ ಲಾರಿಯ ಚಾಲಕ ಅವಸರಪಡಿಸುತ್ತಿರುತ್ತಾನೆ. ಗುಮಾಸ್ತರು ಬಿಲ್ಲಿನ ಸಂಖ್ಯೆಯ ತುದಿಗೆ ‘ಎ’ ಸೇರಿಸಿ ಮತ್ತೆ ಕಳುಹಿಸುತ್ತಾರೆ. ಸಂಖ್ಯೆ ಹೊಸದು, ಆದುದರಿಂದ ಐಆರ್‌ಎನ್ ಹೊಸದು. ಪೋರ್ಟಲಿಗೆ ಅನುಮಾನಿಸಲು ಕಾರಣವೇ ಇಲ್ಲ. ಎರಡು ಬಿಲ್ಲುಗಳೂ ಜಿಎಸ್‌ಟಿಆರ್-1ಕ್ಕೆ ತಾವಾಗಿಯೇ ಸೇರುತ್ತವೆ, ತೆರಿಗೆಯ ಹೊಣೆ 42,000 ರೂಪಾಯಿ ಆಗುತ್ತದೆ, ಖರೀದಿದಾರರ ಜಿಎಸ್‌ಟಿಆರ್-2ಬಿಯಲ್ಲಿ ಅವರು ಕೊಳ್ಳದ ಸರಕೊಂದು ಕಾಣಿಸಿಕೊಳ್ಳುತ್ತದೆ. ಪೋರ್ಟಲಿನಲ್ಲಿ ರದ್ದುಗೊಳಿಸಲು 24 ಗಂಟೆಗಳ ಕಾಲಾವಕಾಶ. ಆ ಬಿಲ್ಲಿನ ಮೇಲೆ ಇ-ವೇ ಬಿಲ್ಲು ಚಾಲ್ತಿಯಲ್ಲಿದ್ದರೆ ಅದೂ ಇಲ್ಲ. ಆ ಬಳಿಕ ಉಳಿಯುವುದು ತಿದ್ದುಪಡಿ, ಕ್ರೆಡಿಟ್ ನೋಟು, ಪತ್ರವ್ಯವಹಾರ.

ಇಲ್ಲಿ ಗುಮಾಸ್ತರನ್ನು ದೂರಿ ಪ್ರಯೋಜನವಿಲ್ಲ. ಅಂಗಡಿಯ ತಂತ್ರಾಂಶ ತನ್ನ ಸ್ಥಿತಿಯನ್ನು ತಾನು ಬರೆದಿಟ್ಟುಕೊಂಡಿರಲಿಲ್ಲ. ಕೆಲವು ತಂತ್ರಾಂಶಗಳಂತೂ ಯಾರೂ ‘ಎ’ ಸೇರಿಸದಿದ್ದರೂ ಪ್ರತಿ ಮರುಯತ್ನಕ್ಕೆ ತಾವೇ ಹೊಸ ಸಂಖ್ಯೆ ಕೊಡುತ್ತವೆ. ಹೊರಗಿನ ತಂತ್ರಾಂಶದಿಂದ ಟ್ಯಾಲಿಗೆ ವೋಚರುಗಳನ್ನು ತುಂಬುವಾಗಲೂ ಇದೇ ಅಪಾಯ: ಸ್ವಯಂಚಾಲಿತ ಸಂಖ್ಯೆಯನ್ನು ಆರಿಸಿದ್ದರೆ ಎರಡನೆಯ ಬಾರಿ ಬಂದ ಅದೇ ವೋಚರು ಮುಂದಿನ ಸಂಖ್ಯೆ ಪಡೆದು ಹೊಸದಾಗಿ ಕುಳಿತುಬಿಡಬಹುದು. ಸಂಖ್ಯೆಯನ್ನು ಕಳುಹಿಸುವವರೇ ಕೊಟ್ಟು, ಇಮ್ಮಡಿ ಸಂಖ್ಯೆಯನ್ನು ತಡೆಯುವ ಆಯ್ಕೆಯನ್ನು ಚಾಲೂ ಇಡುವುದು ಕ್ಷೇಮ. ಸಂಖ್ಯೆ ಹುಟ್ಟಬೇಕಾದದ್ದು ಮಾರಾಟದ ಗಳಿಗೆಯಲ್ಲಿ, ಸಂದೇಶ ಕಳುಹಿಸುವ ಗಳಿಗೆಯಲ್ಲಿ ಅಲ್ಲ. ರಾಜ್ಯದ ಕೃಷಿ ಮಾರುಕಟ್ಟೆಗಳಲ್ಲಿ 2014ರಿಂದ ಹಂತಹಂತವಾಗಿ ಬಂದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯಲ್ಲಿ ಆವಕವಾದ ರಾಶಿಗೆ ಸವಾಲಿಗೂ ಮೊದಲೇ ಲಾಟ್ ಸಂಖ್ಯೆ ಬೀಳುತ್ತದೆ. ಬಿಲ್ಲಿಗೂ ಆ ಶಿಸ್ತು ಬೇಕು.

ವಹಿಯನ್ನು ಬರೆಯುವ ಕ್ರಮ

ಹಿರೇಕೆರೂರಿನ ಅಡತಿ ಅಂಗಡಿಯೊಂದು ಗೋವಿನಜೋಳ ತಂದ 40 ರೈತರಿಗೆ ತಂತ್ರಾಂಶದ ಮೂಲಕ ಹಣ ಕಳುಹಿಸುತ್ತದೆ ಎನ್ನಬಹುದು. ತಂತ್ರಾಂಶ ಮೊದಲು ‘ಪಾವತಿಯಾಗಿದೆ’ ಎಂದು ಬರೆದು ಆಮೇಲೆ ಹಣ ಕಳುಹಿಸಿದರೆ, ನಡುವೆ ವಿದ್ಯುತ್ ಹೋದಾಗ ರೈತರಿಗೆ ಹಣ ಸೇರದೆ ವಹಿಯಲ್ಲಿ ಮಾತ್ರ ಪಾವತಿ ಕಾಣುತ್ತದೆ. ಮೊದಲು ಹಣ ಕಳುಹಿಸಿ ಆಮೇಲೆ ಬರೆದರೆ, ಅದೇ ಗಳಿಗೆಯಲ್ಲಿ ವಿದ್ಯುತ್ ಹೋದಾಗ ಹಣ ಹೋಗಿದ್ದರೂ ವಹಿ ಖಾಲಿ. ಮತ್ತೆ ಚಾಲೂ ಮಾಡಿದಾಗ ಎರಡನೆಯ ಪಾವತಿ ಹೊರಡುತ್ತದೆ. ಎರಡೂ ಕ್ರಮಗಳು ಅಪೂರ್ಣ.

ಕೆಲಸವೂ ವಹಿಯೂ ಒಂದೇ ದತ್ತಸಂಚಯದಲ್ಲಿದ್ದರೆ ಎರಡನ್ನೂ ಒಂದೇ ಕಟ್ಟಾಗಿ, ಆದರೆ ಎರಡೂ ಆಗಲಿ, ಇಲ್ಲವಾದರೆ ಎರಡೂ ಬೇಡ ಎಂಬಂತೆ ಬರೆಯಬಹುದು. ಅಂಗಡಿ ಮತ್ತು ಬ್ಯಾಂಕು ಎಂಬ ಎರಡು ಬೇರೆ ಗಣಕಗಳ ನಡುವೆ ಅದು ಸಾಧ್ಯವಿಲ್ಲದ್ದರಿಂದ ವಹಿಯಲ್ಲಿ ಮೂರು ಸ್ಥಿತಿಗಳು ಬೇಕು: ಕಳುಹಿಸಬೇಕಾದದ್ದು, ಕಳುಹಿಸಿ ಉತ್ತರ ಬಾರದ್ದು, ಮುಗಿದದ್ದು. ನಡುವಿನ ಸ್ಥಿತಿಯೇ ಮುಖ್ಯ. ಹಣ ಹೊರಡುವ ಮುನ್ನವೇ ಪಟ್ಟಿಯ ಸಂಖ್ಯೆಯೊಡನೆ ಅದನ್ನು ಬರೆದಿಡಬೇಕು. ಗಣಕ ಮತ್ತೆ ಚಾಲೂ ಆದಾಗ ಆ ಸ್ಥಿತಿಯಲ್ಲಿ ಉಳಿದವುಗಳನ್ನು ತಂತ್ರಾಂಶ ಮರುಕಳುಹಿಸದೆ, ಮೊದಲು ಬ್ಯಾಂಕನ್ನು ವಿಚಾರಿಸಬೇಕು. ಲೆಕ್ಕಿಗರು ತಿಂಗಳ ಕೊನೆಗೆ ಮಾಡುವ ಬ್ಯಾಂಕ್ ಹೊಂದಾಣಿಕೆಯನ್ನೇ ಇಲ್ಲಿ ತಂತ್ರಾಂಶ ನಿಮಿಷ ನಿಮಿಷಕ್ಕೂ ಮಾಡಬೇಕಾಗುತ್ತದೆ.

ವಿಚಾರಣೆಗೆ ಸ್ವಲ್ಪ ಕಾಲ ಹಿಡಿಯುತ್ತದೆ. ನೆಫ್ಟ್‌ನಲ್ಲಿ ಬ್ಯಾಚ್ ಇತ್ಯರ್ಥವಾದ 2 ಗಂಟೆಗಳೊಳಗೆ ಹಣ ಜಮೆಯಾಗಬೇಕು ಅಥವಾ ಹಿಂದಿರುಗಬೇಕು. ಯುಪಿಐ ಮೂಲಕ ಕಳುಹಿಸಿದ ಹಣ ಕಡಿತವಾಗಿಯೂ ಪಡೆಯುವವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ವಿಧಿಸಿದೆ. ಈ ಅವಧಿ ಕಾಯದೆ ‘ಪೆಂಡಿಂಗ್’ ಎಂಬುದನ್ನು ನೋಡಿ ಮತ್ತೊಮ್ಮೆ ಹಣ ಕಳುಹಿಸಿದರೆ ಅದಕ್ಕೆ ಹೊಸ ವ್ಯವಹಾರ ಸಂಖ್ಯೆ ಬೀಳುತ್ತದೆ. ಬ್ಯಾಂಕಿನ ಕಣ್ಣಿಗೆ ಎರಡೂ ಸಾಚಾ ಪಾವತಿಗಳೇ. ಸುಗ್ಗಿಯ ದಿನ ಬಾಗಿಲಲ್ಲಿ ನಿಂತ ರೈತರಿಗೆ ‘ಕಾಯಿರಿ’ ಎಂದು ಹೇಳುವುದು ಸುಲಭವಲ್ಲ ಎಂಬುದೂ ನಿಜ. ಆದರೆ ಎರಡು ಬಾರಿ ಹೋದ ಹಣವನ್ನು ನಾಲ್ಕು ಊರು ತಿರುಗಿ ಮರಳಿ ಕೇಳುವುದು ಅದಕ್ಕಿಂತ ಕಷ್ಟ.

ಎರಡು ಗಣಕಗಳಲ್ಲಿ ಇಬ್ಬರು ಗುಮಾಸ್ತರು ಒಂದೇ ಪಟ್ಟಿಯನ್ನು ಏಕಕಾಲಕ್ಕೆ ಒತ್ತಬಹುದು. ‘ಮೊದಲು ನೋಡು, ಇಲ್ಲದಿದ್ದರೆ ಬರೆ’ ಎಂಬ ಕ್ರಮ ಅಲ್ಲಿ ಸೋಲುತ್ತದೆ, ಏಕೆಂದರೆ ಇಬ್ಬರೂ ನೋಡಿದಾಗ ವಹಿ ಖಾಲಿಯೇ ಇರುತ್ತದೆ. ಒಂದೇ ಸಂಖ್ಯೆಯ ಎರಡನೆಯ ಸಾಲನ್ನು ದತ್ತಸಂಚಯವೇ ನಿರಾಕರಿಸುವಂತೆ ಕಟ್ಟಿರಬೇಕು.

ಸವಣೂರಿನ ಎಲೆಯ ಪಾಠ

ಇಮ್ಮಡಿಯನ್ನು ತಡೆಯುವ ಉತ್ಸಾಹದಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ: ಅದೇ ದಿನಾಂಕ, ಅದೇ ಹೆಸರು, ಅದೇ ಮೊತ್ತವಿದ್ದರೆ ಎರಡನೆಯದನ್ನು ಕೈಬಿಡುವುದು. ಸವಣೂರಿನ ವೀಳ್ಯದೆಲೆಯ ವ್ಯಾಪಾರಕ್ಕೆ ಈ ನಿಯಮ ಹೊಂದದು. ಒಂದೇ ಅಂಗಡಿ ಬೆಳಿಗ್ಗೆಯೂ ಸಂಜೆಯೂ ಅದೇ ದರದಲ್ಲಿ ಅಷ್ಟೇ ಕಟ್ಟುಗಳನ್ನು ಒಯ್ಯುವುದು ಅಲ್ಲಿ ಅಸಹಜವೇನಲ್ಲ. ನೋಡಲು ಒಂದೇ ತೆರನಾದರೂ ಅವು ಎರಡು ಮಾರಾಟಗಳು; ಒಂದನ್ನು ಅಳಿಸಿದರೆ ಬೆಳೆಗಾರನ ಹಣ ಸದ್ದಿಲ್ಲದೆ ಮುಳುಗುತ್ತದೆ. ಇಮ್ಮಡಿ ಪಾವತಿಯನ್ನು ಯಾರಾದರೂ ಎಂದಾದರೂ ಪತ್ತೆ ಹಚ್ಚಬಹುದು, ದಾಖಲೆಯೇ ಆಗದ ಮಾರಾಟವನ್ನು ಹುಡುಕುವವರು ಯಾರು? ಹೋಲಿಕೆಯನ್ನು ಸಂಖ್ಯೆಯಿಂದಲೇ ಮಾಡಬೇಕು. ಸಂಖ್ಯೆ ಅದೇ ಇದ್ದು ಮೊತ್ತ ಬೇರೆಯಾಗಿ ಬಂದರೆ ಮಾತ್ರ ಯಾವುದನ್ನೂ ಸ್ವೀಕರಿಸದೆ, ಕೈಬಿಡದೆ, ಮಾಲೀಕರ ಮುಂದೆ ಇಡಬೇಕು.

ವಹಿಯನ್ನು ಎಷ್ಟು ಕಾಲ ಕಾಯಬೇಕು ಎಂಬ ಪ್ರಶ್ನೆಗೆ ಜಿಎಸ್‌ಟಿ ಕಾಯಿದೆಯ 36ನೆಯ ಕಲಂ ಒಂದು ಅಳತೆ ಕೊಡುತ್ತದೆ. ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಇಟ್ಟುಕೊಳ್ಳಬೇಕು. ಸಂದೇಶಗಳ ವಹಿಯನ್ನೂ ಲೆಕ್ಕಪತ್ರದ ಭಾಗವೆಂದೇ ಭಾವಿಸುವುದು ಲೇಸು. ಗಣಕ ನಿಧಾನವಾಯಿತೆಂದು ಮಾರ್ಚ್ 31ರಂದು ಅದನ್ನು ಅಳಿಸಿಹಾಕುವ ಅಭ್ಯಾಸ ಸಲ್ಲದು. ಇನ್ನೊಂದು ಅಪಾಯ ಬ್ಯಾಕಪ್‌ನದು. ಕೆಟ್ಟುಹೋದ ಗಣಕಕ್ಕೆ ಹಿಂದಿನ ವಾರದ ಪ್ರತಿಯನ್ನು ತುಂಬಿದಾಗ ತಂತ್ರಾಂಶ ಆ ವಾರವನ್ನೇ ಮರೆತಿರುತ್ತದೆ. ಆ ವಾರದ ಬಿಲ್ಲುಗಳನ್ನು ಹಳೆಯ ಸಂಖ್ಯೆಯಲ್ಲೇ ಮತ್ತೆ ಕಳುಹಿಸಿದರೆ ಜಿಎಸ್‌ಟಿ ಪೋರ್ಟಲು ತನ್ನ ವಹಿ ನೋಡಿ ತಡೆಯುತ್ತದೆ. ಪಾವತಿಗಳ ವಿಷಯದಲ್ಲಿ ಅಂತಹ ತಡೆಯನ್ನು ನೆಚ್ಚದೆ, ಬ್ಯಾಂಕಿನ ವಿವರಪಟ್ಟಿಯೊಡನೆ ತಾಳೆ ನೋಡಿದ ಬಳಿಕವೇ ಸಂಪರ್ಕ ಜೋಡಿಸಬೇಕು.

ಹೊಸ ತಂತ್ರಾಂಶ ಕೊಳ್ಳುವ ವರ್ತಕರು ಹಣ ಕೊಡುವ ಮೊದಲು ಒಂದು ಸರಳ ಪರೀಕ್ಷೆ ಮಾಡಿಸಬಹುದು. ನೈಜ ಪೋರ್ಟಲಿನಲ್ಲಿ ಅಲ್ಲ, ಇ-ಇನ್‌ವಾಯ್ಸ್‌ಗೆಂದೇ ಇರುವ ಪ್ರಾಯೋಗಿಕ ಪೋರ್ಟಲಿನಲ್ಲಿ ಒಂದು ಬಿಲ್ಲು ಕಳುಹಿಸಿ, ಗುಂಡಿ ಒತ್ತಿದ ಮರುಕ್ಷಣವೇ ಅಂತರಜಾಲದ ತಂತಿಯನ್ನು ಕಿತ್ತುಬಿಡಬೇಕು. ಗಣಕವನ್ನು ಆರಿಸಿ, ಮತ್ತೆ ಚಾಲೂ ಮಾಡಿ, ತಂತಿ ಜೋಡಿಸಿ, ಅದೇ ಬಿಲ್ಲಿನ ಮೇಲೆ ಐದು ಬಾರಿ ಗುಂಡಿ ಒತ್ತಬೇಕು. ಪರೀಕ್ಷೆಗೆಂದು ತೆರೆದ ಟ್ಯಾಲಿ ಕಂಪನಿಯ ಡೇಬುಕ್ಕಿನಲ್ಲಿ ಆಗ ಒಂದೇ ವೋಚರು, ಅದರ ಮೇಲೆ ಒಂದೇ ಐಆರ್‌ಎನ್ ಇರಬೇಕು. ಎರಡು ಕಂಡರೆ, ಮಾರಲು ಬಂದವರಿಗೆ ಅದನ್ನು ತೋರಿಸಿ, ವಹಿ ಎಲ್ಲಿದೆ ಎಂದು ಕೇಳಬೇಕು.